ಕೂತು ತಿನ್ನುವವರು

ಜನವರಿ ೮, ಬೆಳಿಗ್ಗೆ

ತಮ್ಮನ ಬೆನ್ನು ತಟ್ಟಿ ಮುಗಿಸಿದೆ. ಎಡಗಡೆ ಇವತ್ತು ಮೊಂಡು. ಅಂಗೈ ಗುಳಿ ಮಾಡಿ ತಟ್ಟಿದರೆ ಖಾಲಿ ಡಬ್ಬಿಯ ಸದ್ದು ಬರಬೇಕು. ಬಂದದ್ದು ನೆನೆದ ಗೋಣಿಚೀಲದ ಸದ್ದು. ಕಫ ಕಿತ್ತು ಬರುವಷ್ಟರಲ್ಲಿ ಅವನಿಗೂ ಸುಸ್ತು, ನನಗೂ ಸುಸ್ತು. ಹಸಿರು. ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು, ನಾನು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬ್‌ಗೆಂದು ಬ್ಯಾಗಿನಲ್ಲಿಟ್ಟುಕೊಂಡೆ. ಪಕ್ಕದಲ್ಲೇ ನನ್ನ ಊಟದ ಡಬ್ಬಿ.

"ಅದಲುಬದಲಾದೀತು ಕಣೇ ಅಕ್ಕ, ನೋಡ್ಕೊಂಡು ತಿನ್ನು."

ಹಾಳಾದವನು. ಉಸಿರಾಡೋಕೆ ಆಗಲ್ಲ, ತಮಾಷೆಗೆ ಮಾತ್ರ ಉಸಿರಿದೆ. ಹುಟ್ಟಿದಾಗಿನಿಂದ ಹಾಳು ಶ್ವಾಸಕೋಶ. ಕಫ ಗೋಂದಿನಂತೆ ಕೂರುತ್ತದೆ, ಅದರೊಳಗೆ ಆ ಬ್ಯಾಕ್ಟೀರಿಯಾ ಹತ್ತು ವರ್ಷದಿಂದ ಬಾಡಿಗೆ ಕೊಡದೆ ಸಂಸಾರ ಮಾಡಿಕೊಂಡಿದೆ. ಓಡಿಸಲು ಆಗುವುದಿಲ್ಲ. ತಲೆ ಎತ್ತಿದಾಗ ಬಡಿದು ಕೂರಿಸಬೇಕು, ಅಷ್ಟೇ. ಒಂದು ಸಲ ಬಡಿಯುವುದು ತಪ್ಪಿದರೆ ತಮ್ಮ ಉಳಿಯುವುದಿಲ್ಲ. ಡಾಕ್ಟರ್ ಈ ಮಾತನ್ನು ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ, ಅವನ ಎದುರಿಗೇ.

ಭಾನುವಾರ ಬೆನ್ನು ತಟ್ಟುವುದು ಅಣ್ಣನ ಸರದಿ. ಬರಲಿಲ್ಲ. ಫೋನ್ ಬಂತು. ಮಗಳಿಗೆ ಪರೀಕ್ಷೆಯಂತೆ. ಮಗಳ ಪರೀಕ್ಷೆ ಇವನು ಬರೆಯುತ್ತಾನೇನೋ.

ಜನವರಿ ೧೦

ನಮ್ಮ ಲ್ಯಾಬ್‌ನ ಹಿರಿಯ ಮೇಡಂ ಮತ್ತೆ ಹೇಳಿದರು: "ನಿಮ್ಮ ಮನೆಯವರ ಸ್ಯಾಂಪಲ್ ನೀವು ನೋಡ್ಬಾರ್ದು ಅಂತ ರೂಲ್ ಇದೆ. ಪಕ್ಕದ ಟೇಬಲ್‌ನವರಿಗೆ ಕೊಡಿ." ಆಗಲಿ ಮೇಡಂ ಅಂದೆ. ಕೊಡಲಿಲ್ಲ.

ಪಕ್ಕದ ಟೇಬಲ್‌ನವಳಿಗೆ ನಾನಿಟ್ಟ ಹೆಸರು ನಿಧಾನಿ. ಕಫ ಬಳಿದು ಬ್ಯಾಕ್ಟೀರಿಯಾ ಬೆಳೆಸಿದ ಒಂದು ಪ್ಲೇಟ್ ನೋಡಲು ಅವಳಿಗೆ ಅರ್ಧ ದಿನ. ಔಷಧಿ ಟೆಸ್ಟ್‌ಗೆ ನಾವೆಲ್ಲ ಎದ್ದು ಕಾಣುವ ಒಂದು ಚುಕ್ಕೆ, ಒಂದು ಕಾಲನಿ ಆರಿಸಿ ಹಾಕುತ್ತೇವೆ. ಅವಳಿಗೆ ಯಾವುದನ್ನು ಆರಿಸಬೇಕು ಅಂತ ತೋಚುವುದಿಲ್ಲ. ದೊಡ್ಡದು, ಚಿಕ್ಕದು, ಸೊಟ್ಟದು, ಎಲ್ಲವನ್ನೂ ಹಾಕುತ್ತಾಳೆ. ಪ್ಲೇಟ್ ದಂಡ, ಟೈಮ್ ದಂಡ. ಅವಳ ಕೈಗೆ ತಮ್ಮನ ಜೀವ ಕೊಡಲೇ? ನನ್ನ ಕೈಲೇ ಇರಲಿ.

ತಮ್ಮನ ಪ್ಲೇಟ್ ತೆಗೆದರೆ ಹೊಸ ವಿಷಯ. ಹಸಿರು ಕಾಲನಿಗಳ ನಡುವೆ ಅಲ್ಲೊಂದು ಇಲ್ಲೊಂದು ಬಿಳಿ. ಬೇರೆ ಯಾವುದೋ ಬಂದು ಸೇರಿಕೊಂಡಿತೇನೋ ಅಂದುಕೊಂಡೆ. ಅಲ್ಲ. ಅದೇ ಜಾತಿ.

ನೆಲಮಾಳಿಗೆಯ ಮೇಷ್ಟ್ರಿಗೆ ತೋರಿಸಿದೆ. ಮೊದಲು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಈಗ ಕೆಳಗೆ ರಿಸರ್ಚ್. ಪ್ಲೇಟನ್ನು ಬೆಳಕಿಗೆ ಹಿಡಿದು ಮಗುವನ್ನು ಕಂಡ ಹಾಗೆ ನಕ್ಕರು.

"ಹಸಿರುದು ದುಡಿಯೋ ಜಾತಿ ಕಣ್ರೀ. ಆ ಹಸಿರು ಬಣ್ಣ ಇದೆಯಲ್ಲ, ಅದನ್ನ ಹೊರಗೆ ಬಿಟ್ಟು ರೋಗಿಯ ರಕ್ತದಿಂದ ಕಬ್ಬಿಣ ಕಿತ್ಕೊಂಡು ಬರುತ್ತೆ. ಕಬ್ಬಿಣ ಇಲ್ದೆ ಯಾವುದೂ ಬೆಳೆಯಲ್ಲ. ತಂದಿದ್ದನ್ನ ಪಕ್ಕದಲ್ಲಿರೋ ಯಾರು ಬೇಕಾದ್ರೂ ತಿನ್ಬಹುದು. ಬಿಳಿಯದು ಬಣ್ಣ ಮಾಡೋದನ್ನೇ ಬಿಟ್ಟಿದೆ. ದುಡಿಯಲ್ಲ, ತಿನ್ನುತ್ತೆ."

"ಮೋಸ!"

"ಮೋಸಾನೇ. ಖರ್ಚಿಲ್ಲ ನೋಡಿ, ಅದಕ್ಕೇ ಬೇಗ ಹೆಚ್ಚುತ್ತೆ. ಹೆಚ್ಚಿ ಹೆಚ್ಚಿ ಕೊನೆಗೆ ತಂದು ಹಾಕೋರೇ ಇರಲ್ಲ. ಬಾಟಲಿಯಲ್ಲಿ ಬೆಳೆಸಿದ್ರೆ ಇಡೀ ಊರೇ ಉಪವಾಸ ಬಿದ್ದು ಕುಸಿಯುತ್ತೆ."

ಕುಸಿಯುತ್ತದೆ. ಆ ಒಂದು ಮಾತನ್ನು ಮನೆವರೆಗೂ ಎತ್ತಿಕೊಂಡು ಬಂದೆ.

ಅದೇ ದಿನ, ಸಂಜೆ

ತಮ್ಮನಿಗೆ ಹೇಳಿದೆ. ಮೊಬೈಲ್ ರಿಪೇರಿ ಮಾಡುತ್ತಿದ್ದ. ಮೇಜಿನ ತುಂಬ ತಿರುಪು, ಒಡೆದ ಗಾಜು. ಕೇಳಿ ಕೇಳಿ ನಕ್ಕು ಕೆಮ್ಮಿದ.

"ಅಂದ್ರೆ ನನ್ನೊಳಗೂ ಒಬ್ಬ ಅಣ್ಣ ಇದಾನೆ ಅನ್ನು."

ನಾನೂ ನಕ್ಕೆ. ಅಮ್ಮ ಹೋದ ಮೇಲೆ ಇಷ್ಟು ನಕ್ಕಿದ್ದಿಲ್ಲ. ಬಿಳಿಯವಕ್ಕೆ 'ಅಣ್ಣನ ಸಂಘ' ಅಂತ ಹೆಸರಿಟ್ಟ. ಹಸಿರಿಗೆ 'ಅಕ್ಕ'. "ಅಕ್ಕ ದುಡಿದು ದುಡಿದು ನನ್ನ ಸಾಯಿಸ್ತಾಳೆ, ಅಣ್ಣ ಕೂತು ತಿಂದು ಉಳಿಸ್ತಾನೆ" ಅಂದ. ತಲೆಗೊಂದು ಮೊಟಕಿದೆ.

ಜನವರಿ ೨೬

ಮೂರು ಭಾನುವಾರ ಕಳೆದವು, ಅಣ್ಣನ ಸುಳಿವಿಲ್ಲ. ನಾನೇ ಫೋನ್ ಮಾಡಿದೆ.

"ನೀನು ಇದೀಯಲ್ಲಮ್ಮ, ನೀನು ಮಾಡಿದ ಹಾಗೆ ನಂಗೆಲ್ಲಿ ಬರುತ್ತೆ" ಅಂದ.

"ಬರಲ್ಲ ಅಂದ್ರೆ ಕಲೀಬೇಕು."

"ನಾನು ತಟ್ಟಿದ್ರೆ ಅವನಿಗೆ ನೋವಾಗುತ್ತೆ ಕಣೇ."

"ನಾನು ತಟ್ಟಿದ್ರೆ ನಂಗೆ ನೋವಾಗುತ್ತೆ. ಮಣಿಕಟ್ಟು ಊದಿದೆ, ಬಂದು ನೋಡು!"

ಅತ್ತಿಗೆ ಫೋನ್ ಕಿತ್ತುಕೊಂಡು ಸಮಾಧಾನ ಹೇಳಲು ಬಂದಳು. ಇಟ್ಟೆ. ಕೂತು ತಿನ್ನುವವರಿಗೆ ಕುಡಿಕೆ ಹೊನ್ನು ಸಾಲದು ಅಂತಾರೆ. ಇವರಿಗೆ ನನ್ನ ಕೈ ಎರಡೂ ಸಾಲದು. ಮೈಯೆಲ್ಲ ಉರಿಯುತ್ತಿದೆ, ಬರೆದರೂ ಆರುತ್ತಿಲ್ಲ.

ತಮ್ಮ ಕೇಳಿಸಿಕೊಂಡಿದ್ದ. "ಬಿಡೇ, ಅವನಿಗೆ ಭಯ." ಎಲ್ಲರ ಪರ ವಕೀಲ ಇವನು.

ಫೆಬ್ರವರಿ ೪

ಬಿಳಿ ಅರ್ಧಕ್ಕೆ ಬಂದಿದೆ! ಪ್ಲೇಟ್ ನೋಡಿ ಕಣ್ಣಲ್ಲಿ ನೀರು ಬಂತು. ಮನೆಯಲ್ಲಿ ಯಾರನ್ನು ಕಂಡರೆ ಆಗುವುದಿಲ್ಲವೋ ಅಂಥವರೇ ಪ್ಲೇಟಿನಲ್ಲಿ ಹೆಚ್ಚಲಿ ಅಂತ ಬೇಡಿಕೊಳ್ಳುತ್ತಿದ್ದೇನೆ. ತಿನ್ನಿ, ಚೆನ್ನಾಗಿ ತಿನ್ನಿ, ಆ ಹಸಿರು ಮುಂಡೇವನ್ನು ಬೋಳಿಸಿಬಿಡಿ.

ಮೇಷ್ಟ್ರು ತಣ್ಣೀರೆರಚಿದರು. "ಈಗಲೇ ಕುಣೀಬೇಡಿ. ಬಾಟಲಿಯಲ್ಲಿ ಹಾಗಾಗುತ್ತೆ. ಶ್ವಾಸಕೋಶ ಬಾಟಲಿ ಅಲ್ಲ. ಮೂಲೆ ಮೂಲೆಗೂ ಒಂದೊಂದು ಮನೆ ಅಲ್ಲಿ."

ಇರಲಿ. ಅವರಿಗೇನು, ಅವರ ತಮ್ಮನೇ?

ಫೆಬ್ರವರಿ ೨೧

ಬೆಳಿಗ್ಗೆ ಎಬ್ಬಿಸಲು ಹೋದರೆ ಮೈ ಕಾದ ಹೆಂಚು. ತುಟಿ ನೀಲಿ. ಮಾತಾಡಿಸಿದರೆ ಮೊಬೈಲ್ ಚಾರ್ಜ್ ಮುಗೀತು ಕಣೇ ಅಂತಾನೆ. ಅವನದೋ, ರಿಪೇರಿಗೆ ಬಂದದ್ದೋ, ಗೊತ್ತಾಗಲಿಲ್ಲ. ಆಟೋ ಹಿಡಿದು ನಮ್ಮ ಆಸ್ಪತ್ರೆಗೇ ತಂದೆ. ಅಡ್ಮಿಟ್. ಡಾಕ್ಟರ್ ಎದೆಗೆ ಸ್ಟೆತ್ ಇಟ್ಟು ಬಹಳ ಹೊತ್ತು ತೆಗೆಯಲೇ ಇಲ್ಲ.

"ಯಾವ ಔಷಧಿಗೆ ಬಗ್ಗುತ್ತೆ ಅಂತ ನೀವು ಹೇಳ್ಬೇಕು. ಈ ಸಲ ಗುರಿ ತಪ್ಪೋ ಹಾಗಿಲ್ಲ. ಇನ್ನೊಂದು ಸಲ ತಡ್ಕೊಳೋಷ್ಟು ಶಕ್ತಿ ಇಲ್ಲ ಅವರಿಗೆ."

ಕಫದ ಸ್ಯಾಂಪಲ್ ನಾನೇ ಹಾಕಿದೆ. ನಿಧಾನಿ "ನಾನು ಮಾಡ್ಲಾ?" ಅಂತ ಬಂದಳು. ನಿನ್ನ ಕೆಲಸ ನೋಡ್ಕೋ ಅಂದುಬಿಟ್ಟೆ. ಸಪ್ಪೆ ಮುಖ ಮಾಡಿಕೊಂಡು ಹೋದಳು.

ಫೆಬ್ರವರಿ ೨೨

ಪ್ಲೇಟ್ ತುಂಬ ಬೆಳೆದಿದೆ. ಹಸಿರು, ಬಿಳಿ ಎರಡೂ. ಚೆನ್ನಾಗಿ ಉಬ್ಬಿದ ಒಂದು ಹಸಿರು ಕಾಲನಿ ಎತ್ತಿ ಔಷಧಿ ಟೆಸ್ಟ್‌ಗೆ ಹಾಕಿದೆ. ಬಿಳಿಯದನ್ನು ಮುಟ್ಟಲಿಲ್ಲ. ಯಾಕೆ ಮುಟ್ಟಬೇಕು? ದುಡಿಯುವವರನ್ನು ಕೊಂದರೆ ಕೂತು ತಿನ್ನುವವರು ತಾವಾಗಿಯೇ ಸಾಯುತ್ತಾರೆ. ಯಾರ ಮನೆಯಲ್ಲಾದರೂ ಅಷ್ಟೇ.

ಫೆಬ್ರವರಿ ೨೩

ಪ್ಲೇಟಿನ ಮೇಲಿಟ್ಟ ಔಷಧಿಯ ಬಿಲ್ಲೆಯ ಸುತ್ತ ದೊಡ್ಡ ಖಾಲಿ ವೃತ್ತ. ಒಂದು ಹುಳವೂ ಹತ್ತಿರ ಸುಳಿದಿಲ್ಲ. ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಔಷಧಿ ಬೇಕೇ! ರಿಪೋರ್ಟ್ ಬರೆದು, ಸಹಿ ಹಾಕಿ, ಮೆಟ್ಟಿಲು ಹತ್ತಿ ಡಾಕ್ಟರ್ ಕೈಗೇ ಕೊಟ್ಟೆ. ಮಧ್ಯಾಹ್ನಕ್ಕೆ ಡ್ರಿಪ್ ಶುರು.

ಫೆಬ್ರವರಿ ೨೫

ಜ್ವರ ಇಳಿದಿದೆ!! ಆಮ್ಲೆಟ್ ಬೇಕಂತೆ ಮಹಾರಾಯನಿಗೆ. ಕ್ಯಾಂಟೀನ್‌ನಿಂದ ತಂದುಕೊಟ್ಟೆ. ಉಪ್ಪಿಲ್ಲ ಅಂತ ಬೈದ. ಬೈಯಲಿ, ಇನ್ನೂ ಬೈಯಲಿ.

ಅಣ್ಣ ಬಂದ, ಅಂತೂ. ಕಿತ್ತಳೆ ತಂದ. ಮಾತಾಡುತ್ತ ಮಾತಾಡುತ್ತ ಒಂದೊಂದೇ ಸುಲಿದು ತಾನೇ ತಿಂದು ಮುಗಿಸಿದ. ತಮ್ಮ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ, "ಸಂಘದ ಅಧ್ಯಕ್ಷರು" ಅಂದ. ಅಣ್ಣನಿಗೆ ಅರ್ಥವಾಗಲಿಲ್ಲ. ಹೋಗುವಾಗ ನನ್ನ ಭುಜ ಹಿಡಿದು, "ನೀನಿರೋದ್ರಿಂದ ನಾನು ನಿದ್ದೆ ಮಾಡ್ತೀನಿ ಕಣೇ" ಅಂದ. ಮಾಡಪ್ಪ, ನಿದ್ದೆ ಮಾಡು.

ಮಾರ್ಚ್ ೧

ಜ್ವರ ಮತ್ತೆ ಏರಿದೆ. ನಿನ್ನೆಯೇ ಬಿಸಿ ಇತ್ತು, ನಾನು ಒಪ್ಪಿಕೊಂಡಿರಲಿಲ್ಲ.

ಡಾಕ್ಟರ್ ಕರೆಸಿದರು. "ನಿಮ್ಮ ರಿಪೋರ್ಟ್ ಪ್ರಕಾರ ಇಷ್ಟು ಹೊತ್ತಿಗೆ ಎಲ್ಲಾ ಸಾಯ್ಬೇಕಿತ್ತು. ಇನ್ನೊಂದು ಸಲ ನೋಡಿ." ನೋಡಿದೆ. ಮತ್ತೆ ಹಸಿರು ಎತ್ತಿದೆ.

ಮಾರ್ಚ್ ೨

ಮತ್ತೆ ಅದೇ ದೊಡ್ಡ ಖಾಲಿ ವೃತ್ತ. ಔಷಧಿ ಸರಿ ಇದೆ, ಪ್ಲೇಟ್ ಸುಳ್ಳು ಹೇಳುವುದಿಲ್ಲ. ಡೋಸ್ ಸಾಲದೇನೋ ಅಂದೆ. ಹೆಚ್ಚಿಸಿದರು.

ಬೆನ್ನು ತಟ್ಟುತ್ತಿದ್ದರೆ ಪಕ್ಕೆಲುಬು ಒಂದೊಂದೂ ಕೈಗೆ ಸಿಗುತ್ತದೆ. ಭಯವಾಗುತ್ತಿದೆ. ಇಲ್ಲಿ ಬರೆಯಬಹುದಲ್ಲ, ಯಾರೂ ಓದುವುದಿಲ್ಲ. ತುಂಬ ಭಯವಾಗುತ್ತಿದೆ.

ಮಾರ್ಚ್ ೪

ಮೇಷ್ಟ್ರು ಕ್ಯಾಂಟೀನ್‌ನಲ್ಲಿ ಸಿಕ್ಕಿ ತಮ್ಮನ ಬಗ್ಗೆ ಕೇಳಿದರು. ಹೇಳಿದೆ. ಚಹಾ ಕುಡಿಯುವುದನ್ನು ನಿಲ್ಲಿಸಿದರು.

"ಬಿಳಿಯದಕ್ಕೆ ಔಷಧಿ ಹಾಕಿ ನೋಡಿದ್ರಾ?"

"ಇಲ್ಲ."

"ಒಂದು ಸಲವೂ?"

"ಅದು... ಅದೇನೂ ಮಾಡಲ್ಲವಲ್ಲ ಮೇಷ್ಟ್ರೇ. ಸುಮ್ನೆ ತಿನ್ನುತ್ತೆ."

"ಕಬ್ಬಿಣದ ವಿಷಯದಲ್ಲಿ ಏನೂ ಮಾಡಲ್ಲ. ಬೇರೆ ವಿಷಯದಲ್ಲಿ ಏನು ಮಾಡುತ್ತೋ ನೋಡಿದೀರಾ?"

ಚಹಾ ಅಲ್ಲೇ ಬಿಟ್ಟು ಇಬ್ಬರೂ ಲ್ಯಾಬ್‌ಗೆ ಹೋದೆವು. ಹಳೆಯ ಪ್ಲೇಟ್‌ಗಳಿಂದ ಬಿಳಿಯದನ್ನು ಎತ್ತಿ ಹಾಕಿದೆ. ಅವಸರದಲ್ಲಿ ಒಂದು ಪ್ಲೇಟ್ ಬೀಳಿಸಿದೆ. ನಿಧಾನಿ ಏನೂ ಕೇಳದೆ ಬಂದು ಬಳಿದಳು, ಹೊಸ ಪ್ಲೇಟ್ ತಂದಿಟ್ಟಳು. ಮೇಷ್ಟ್ರು ಇನ್ನೊಂದು ಪ್ಲೇಟಿಗೆ ಹಸಿರು, ಬಿಳಿ ಎರಡನ್ನೂ ಬೆರೆಸಿ ಹಾಕಿಸಿದರು.

ಮಾರ್ಚ್ ೫

ಬರೆಯಬೇಕು. ಬರೆಯದಿದ್ದರೆ ನಾಳೆ ನಾನೇ ಬೇರೆ ಥರ ನೆನಪಿಟ್ಟುಕೊಳ್ಳುತ್ತೇನೆ.

ಬಿಳಿಯ ಪ್ಲೇಟಿನಲ್ಲಿ ವೃತ್ತವೇ ಇಲ್ಲ. ಬಿಲ್ಲೆಯನ್ನು ಮುತ್ತಿಕೊಂಡು ಬೆಳೆದಿದೆ. ಔಷಧಿಯನ್ನು ತುಂಡು ತುಂಡು ಮಾಡುವ ರಸವನ್ನು ಹೊರಗೆ ಬಿಡುತ್ತದೆ ಅದು. ಬೇಕಾದಷ್ಟು.

ಬೆರೆಸಿದ ಪ್ಲೇಟ್. ಒಂಟಿಯಾಗಿದ್ದಾಗ ಬಿಲ್ಲೆಯ ಹತ್ತಿರ ಬರಲು ಹೆದರಿ ಸತ್ತ ಹಸಿರು, ಇಲ್ಲಿ ಬಿಲ್ಲೆಯ ಅಂಚಿನವರೆಗೂ ಇದೆ. ಬಿಳಿಯದರ ಬೆನ್ನ ಹಿಂದೆ ನಿಂತು ಸುಖವಾಗಿ ಬೆಳೆದಿದೆ. ಮೇಷ್ಟ್ರು ಪೆನ್ಸಿಲ್ ತುದಿಯಿಂದ ತೋರಿಸಿದರು. ಕಬ್ಬಿಣ ತರುವುದು ಹಸಿರು, ತಿನ್ನುವುದು ಬಿಳಿ. ಔಷಧಿಯನ್ನು ತಡೆಯುವುದು ಬಿಳಿ, ಅದರ ಮರೆಯಲ್ಲಿ ಬದುಕುವುದು ಹಸಿರು. ಇಲ್ಲಿ ಯಾರು ದುಡಿಯುವವರು, ಯಾರು ಕೂತು ತಿನ್ನುವವರು? "ಯಾವ ಲೆಕ್ಕ ಹಿಡೀತೀರೋ ಅದರ ಮೇಲೆ" ಅಂದರು ಮೇಷ್ಟ್ರು. ಪಾಠ ಹೇಳಿ ಅಭ್ಯಾಸ. ಆಮೇಲೆ ನನ್ನ ಮುಖ ನೋಡಿ ಪೆನ್ಸಿಲ್ ಜೇಬಿಗಿಟ್ಟುಕೊಂಡರು.

ನಿಧಾನಿ ಮಾಡಿದ್ದರೆ ಎಲ್ಲವನ್ನೂ ಹಾಕಿರುತ್ತಿದ್ದಳು. ದೊಡ್ಡದು, ಚಿಕ್ಕದು, ಸೊಟ್ಟದು. ಫೆಬ್ರವರಿಯಲ್ಲೇ ಗೊತ್ತಾಗುತ್ತಿತ್ತು. ರೂಲ್ ಇತ್ತು. ಮೇಡಂ ಹೇಳಿದ್ದರು. ನಾನು ತಮ್ಮನ ಪ್ಲೇಟ್ ನೋಡಲೇ ಇಲ್ಲ, ಅಣ್ಣನ ಮೇಲಿನ ಸಿಟ್ಟಿನಲ್ಲಿ ಅಣ್ಣನನ್ನೇ ನೋಡಿದೆ.

ಡಾಕ್ಟರ್‌ಗೆ ಹೇಳಿದೆ. ಎಲ್ಲವನ್ನೂ. ಕೂಗಾಡಲಿಲ್ಲ. "ಎಲ್ಲಾ ಲ್ಯಾಬಲ್ಲೂ ಒಂದನ್ನೇ ಎತ್ತಿ ಹಾಕೋದು" ಅಂದರು. ಔಷಧಿ ಬದಲಿಸಿದರು. ಹೊಸದು ಕಿಡ್ನಿಗೆ ಕೆಟ್ಟದ್ದು. "ಹತ್ತು ದಿನ ಮೊದಲೇ ಕೊಟ್ಟಿದ್ರೆ..." ಅಂತ ಶುರು ಮಾಡಿ ಬೇರೆ ಮಾತು ತೆಗೆದರು. ಕೂಗಾಡಿದ್ದರೆ ಚೆನ್ನಾಗಿತ್ತು.

ಮಾರ್ಚ್ ೭

ತಮ್ಮನಿಗೆ ಹೇಳಿದೆ. ಮುಖಕ್ಕೆ ಆಕ್ಸಿಜನ್ ಮಾಸ್ಕ್. ಬೆನ್ನು ತಟ್ಟುತ್ತ, ಹಿಂದಿನಿಂದ ಹೇಳಿದೆ. ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ.

"ಬಿಳಿಯದನ್ನ ನಾನು ಟೆಸ್ಟೇ ಮಾಡ್ಲಿಲ್ಲ ಕಣೋ. ತಪ್ಪು ಔಷಧಿ ಕೊಡಿಸ್ದೆ ನಿಂಗೆ."

ಮಾಸ್ಕ್ ಎತ್ತಿದ.

"ಅಷ್ಟೊಂದು ಬೈದ್ವಲ್ಲ ಅವಕ್ಕೆ."

ಒಂದು ಉಸಿರಿಗೆ ಎರಡು ಮಾತು. ಮತ್ತೆ ಮಾಸ್ಕ್. ಮತ್ತೆ ಎತ್ತಿದ.

"ಅಣ್ಣಂಗೆ ಹೇಳ್ಬೇಡ."

"ಯಾಕೋ?"

"ಅವನಿಗೆ ಬೇರೆ ಏನಿದೆ... ಅಕ್ಕ ಇದಾಳೆ ಅನ್ನೋ ಧೈರ್ಯ. ಅದರ ಮೇಲೇ ನಿಂತಿದಾನೆ ಅವನು. ಕಿತ್ಕೋಬೇಡ."

ನನಗೆ ಕ್ಷಮೆ ಇದೆಯೋ ಇಲ್ಲವೋ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ತಟ್ಟೋದು ನಿಲ್ಲಿಸಬೇಡ ಅಂತ ಕೈಸನ್ನೆ ಮಾಡಿದ. ತಟ್ಟಿದೆ.

ಮಾರ್ಚ್ ೧೬

ಗಂಟಲಿಗೆ ಟ್ಯೂಬ್ ಹಾಕಿ ನಾಲ್ಕು ದಿನ. ಮೆಷಿನ್ ಉಸಿರಾಡುತ್ತಿದೆ. ಮಾತಿಲ್ಲ. ಕಣ್ಣು ತೆರೆದರೂ ನನ್ನನ್ನು ನೋಡಿದ ಹಾಗಿಲ್ಲ.

ಅಣ್ಣ ರಜೆ ಹಾಕಿ ಬಂದು ಕೂತಿದ್ದಾನೆ. ದಿನಾ. ನಾನೇ ಬೆನ್ನು ತಟ್ಟಲು ಕಲಿಸಿದೆ. ನರ್ಸ್ ಮಗ್ಗುಲು ತಿರುಗಿಸಿ ಹಿಡಿದಳು. ಅಂಗೈ ಚಪ್ಪಟೆ ಇಟ್ಟು ಬಡಿಯುತ್ತಾನೆ. "ಗುಳಿ ಮಾಡು, ಗುಳಿ ಮಾಡು" ಅಂದೆ. "ಹೀಗಾ? ನೋವಾಗಲ್ಲ ತಾನೇ? ಹೀಗಾ?" ಅಳುತ್ತಲೇ ತಟ್ಟಿದ. ಕಲಿತ. ಚೆನ್ನಾಗಿಯೇ ತಟ್ಟುತ್ತಾನೆ ಈಗ, ನನಗಿಂತ ಹಗುರ ಕೈ. ಇಷ್ಟು ವರ್ಷ ಇದನ್ನು ನಾನು ಎದುರಿಗೆ ನಿಂತು ಕಲಿಸಲೇ ಇಲ್ಲ. ಬಾ ಅಂತ ಬೈದೆ, ಬಂದಾಗ ತಪ್ಪು ಅಂತ ಬೈದೆ, ಕೈ ತಳ್ಳಿ ನಾನೇ ಮಾಡಿದೆ.

ವರಾಂಡದಲ್ಲಿ ಅತ್ತಿಗೆಯ ಕಡೆಯವರು ಬಂದಿದ್ದರು. ಅಣ್ಣ ಅವರಿಗೆ ಹೇಳುತ್ತಿದ್ದ: "ಇವನು ಇಷ್ಟು ವರ್ಷ ಬದುಕಿದ್ದೇ ನಮ್ಮ ತಂಗಿಯಿಂದ. ಡಾಕ್ಟರಿಗಿಂತ ಅವಳು ಮೇಲು." ಎಲ್ಲರೂ ನನ್ನ ಕಡೆ ತಿರುಗಿ ಕೈಮುಗಿಯುವ ಹಾಗೆ ನೋಡಿದರು. ನೀರು ತರುವ ನೆಪ ಹೇಳಿ ಅಲ್ಲಿಂದ ತಪ್ಪಿಸಿಕೊಂಡೆ.

ಮಾರ್ಚ್ ೨೦, ಮಧ್ಯಾಹ್ನ

ಕೊನೆಯ ಸ್ಯಾಂಪಲ್‌ನ ಪ್ಲೇಟ್ ಬಂತು. ನಿಧಾನಿ ಹಾಕಿದ್ದು. ಎಲ್ಲ ಬಗೆಯ ಕಾಲನಿ, ಎಲ್ಲ ಔಷಧಿ. ನಾನು ಪಕ್ಕದಲ್ಲಿ ನಿಂತು ನೋಡಿದೆ. ಒಂದಕ್ಕೂ ವೃತ್ತವಿಲ್ಲ. ಹೊಸ ಔಷಧಿಗೂ ಈಗ ಬಗ್ಗುವುದಿಲ್ಲ. ನಿಧಾನಿ ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಬೆಚ್ಚಗಿತ್ತು.

ಡಾಕ್ಟರ್ ಅಣ್ಣನನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದರು. ಕಿಡ್ನಿ ಹೋಗಿದೆ. ಕೊಡಲು ಔಷಧಿ ಉಳಿದಿಲ್ಲ. ಮೆಷಿನ್ ಎಳೆಯುತ್ತದೆ, ಅಷ್ಟೇ. ಟ್ಯೂಬ್ ತೆಗೆಯುವುದಾದರೆ ಮನೆಯವರು ಮಾತಾಡಿಕೊಂಡು ಹೇಳಿ ಅಂದರು. ಒಪ್ಪಿಗೆಯ ಕಾಗದ ಮೇಜಿನ ಮೇಲಿಟ್ಟು, ಎದ್ದು ಹೊರಗೆ ಹೋದರು.

ಅಣ್ಣ ಮೇಜನ್ನೇ ನೋಡುತ್ತಿದ್ದ. ತಲೆ ಎತ್ತದೆ ಕೇಳಿದ:

"ಆ ಪ್ಲೇಟು ನೀನೇ ನೋಡಿದ್ಯಾ?"

"ನೋಡ್ದೆ."

"ಸರಿಯಾಗಿ ನೋಡಿದ್ಯಾ ಅಂತ ಕೇಳಲ್ಲ. ಬೇರೆ ಯಾರಾದ್ರೂ ನೋಡಿದ್ರೆ ಇನ್ನೊಂದು ಸಲ ನೋಡಿ ಅಂತ ಕಾಲು ಹಿಡೀತಿದ್ದೆ. ನೀನು ನೋಡಿದ ಮೇಲೆ ಮುಗೀತು. ನಿನ್ನ ಕೈಲಿ ತಪ್ಪಾಗಲ್ಲ."

ಪೆನ್ ಎತ್ತಿಕೊಂಡ. ಕಾಗದ ಓದಲೂ ಇಲ್ಲ. ಸಹಿ ಹಾಕಿದ.

ಅವನ ಸಹಿಯ ಕೆಳಗೆ ನನಗೂ ಜಾಗ ಬಿಟ್ಟಿದ್ದಾರೆ. ಐದು ನಿಮಿಷ ಕೊಡು ಅಂದೆ. ತಮ್ಮನ ಹತ್ತಿರ ಇರ್ತೀನಿ, ಬೇಗ ಬಾ ಅಂದು ಹೋದ. ಇಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಅಣ್ಣನಿಗೆ ಹೇಳಬೇಡ ಅಂದಿದ್ದ ತಮ್ಮ. ಅವನ ಮಾತು ಉಳಿಸಬೇಕೋ, ಅಥವಾ ಟ್ಯೂಬ್ ತೆಗೆಯುವ ಮುಂಚೆ, ಅಣ್ಣ ಇನ್ನೂ ಅವನ ಕೈ ಹಿಡಿದು ಕೂತಿರುವಾಗಲೇ, ನನ್ನ ಯಾವ ಕೈ ನಂಬಿ ನೀನು ಸಹಿ ಹಾಕಿದೆ ಅಂತ —

ಅಣ್ಣ ಕರೆಯುತ್ತಿದ್ದಾನೆ. ಬಂದೆ ಅಂದೆ. ಎದ್ದ ತಕ್ಷಣ ಹೇಳಿಬಿಡುತ್ತೇನೆ, ಬಾಗಿಲಲ್ಲೇ ನಿಲ್ಲಿಸಿ. ಅಣ್ಣ, ಫೆಬ್ರವರಿಯ ಪ್ಲೇಟು —